ಬೇರೆಯವರು ಬರೆದದ್ದನ್ನು ತಿದ್ದುವುದು ಹೇಗೆ: ಕನ್ನಡ ವಿಕಿಪೀಡಿಯಕ್ಕೆ ಹೊಸದಾಗಿ ಬಂದವರಿಗೆ

ಕನ್ನಡ ವಿಕಿಪೀಡಿಯದಲ್ಲಿ ನಾನು ಮಾಡಿದ ಮೊದಲ ತಿದ್ದುಪಡಿ ಹತ್ತು ನಿಮಿಷವೂ ಉಳಿಯಲಿಲ್ಲ.

ಕುವೆಂಪು ಅವರ ಪುಟದಲ್ಲಿ ಹುಟ್ಟಿದ ಊರು ಹಿರೇಕೊಡಿಗೆ ಅಂತ ಇತ್ತು. ನನಗೆ ಗೊತ್ತಿದ್ದದ್ದು ಕುಪ್ಪಳಿ. ಶಾಲೆಯಿಂದ ಕೇಳಿಕೊಂಡು ಬಂದದ್ದು ಅದೇ, ಕವಿಮನೆಗೆ ಎರಡು ಸಲ ಹೋಗಿಯೂ ಬಂದಿದ್ದೆ, ಇನ್ನೇನು ಬೇಕು? ಯಾರೋ ಗೊತ್ತಿಲ್ಲದೆ ಬರೆದಿದ್ದಾರೆ ಅಂದುಕೊಂಡು ಹಿರೇಕೊಡಿಗೆಯನ್ನು ಅಳಿಸಿ, ಕುಪ್ಪಳಿ ಅಂತ ಹಾಕಿ, ಏನೋ ದೊಡ್ಡ ಸೇವೆ ಮಾಡಿದವನ ಹಾಗೆ ಕಾಫಿ ಕುಡಿಯೋಕೆ ಹೋದೆ. ಬರುವಷ್ಟರಲ್ಲಿ ಅದು ಮತ್ತೆ ಹಿರೇಕೊಡಿಗೆ ಆಗಿತ್ತು. ಕವಿ 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಹೆರಿಗೆಗೆ ತವರಿಗೆ ಹೋಗೋದು ನಮ್ಮೆಲ್ಲರ ಮನೆಯಲ್ಲೂ ಇದ್ದದ್ದೇ ಅಲ್ವಾ, ಆದರೂ ನನಗೆ ಅದು ಹೊಳೆದಿರಲಿಲ್ಲ.

ಆಮೇಲೆ ಪುಟದ ಇತಿಹಾಸ ತೆಗೆದು ನೋಡಿದರೆ ನಾಚಿಕೆಯಾಯಿತು. ನನಗಿಂತ ಮೊದಲೇ ಬೇರೆಯವರು ಇದೇ ತಪ್ಪು ಮಾಡಿದ್ದರು, ಅದೂ ಇದೇ ರೀತಿ ವಾಪಸ್ ಆಗಿತ್ತು. ಹಾಗಾದರೆ ಆ ಪುಟಕ್ಕೆ ನಿಜವಾಗಿ ಬೇಕಿದ್ದದ್ದು ಏನು? ಒಂದೇ ಒಂದು ವಾಕ್ಯ. "ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ." ಇಷ್ಟು ಇದ್ದರೆ ನನ್ನಂಥವನು ಅಲ್ಲಿಗೆ ಬಂದು ಕೈ ಹಾಕುವುದೇ ಇಲ್ಲ. ಒಳ್ಳೆಯ ತಿದ್ದುಪಡಿ ಅಂದರೆ ನನ್ನ ಲೆಕ್ಕದಲ್ಲಿ ಇದೇ: ಓದುವವರು ಎಡವುವ ಜಾಗ ಹುಡುಕಿ ಅಲ್ಲೊಂದು ಕಲ್ಲು ತೆಗೆಯೋದು. ಬರೆದವರ ಮನೆಯನ್ನೇ ಕೆಡವಿ ನಮಗಿಷ್ಟ ಬಂದ ಹಾಗೆ ಕಟ್ಟೋದಲ್ಲ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಬರೆದವರೆಲ್ಲ ತಮ್ಮ ಬರಹವನ್ನು ಬೇರೆಯವರು ತಿದ್ದಬಹುದು ಅನ್ನೋ ಪರವಾನಗಿಗೆ ಒಪ್ಪಿಯೇ ಬರೆದಿದ್ದಾರೆ. ಹಾಗಾಗಿ ತಿದ್ದೋಕೆ ಯಾರ ಅಪ್ಪಣೆಯೂ ಬೇಡ. ಅಪ್ಪಣೆ ಬೇಡ ಅಂದ ಮಾತ್ರಕ್ಕೆ ಮರ್ಯಾದೆ ಬೇಡ ಅಂತೇನಿಲ್ಲ. ಇನ್ನು ಕೆಲಸಕ್ಕೆ ಬರೋಣ.

ಮೊದಲು ಇತಿಹಾಸ ನೋಡಿ

ಪ್ರತಿ ಪುಟದ ಮೇಲೂ ಇತಿಹಾಸ ಮತ್ತು ಚರ್ಚೆ ಅಂತ ಎರಡು ಕೊಂಡಿಗಳಿರುತ್ತವೆ. ಹೊಸಬರು ನೇರ ಸಂಪಾದಿಸಿ ಅನ್ನೋದನ್ನೇ ಒತ್ತುತ್ತಾರೆ. ಎರಡು ನಿಮಿಷ ತಡೆಯಿರಿ. ಇತಿಹಾಸದಲ್ಲಿ ಯಾರು ಯಾವತ್ತು ಏನು ಬದಲಾಯಿಸಿದರು ಅನ್ನೋದೆಲ್ಲ ಸಾಲಾಗಿ ಇರುತ್ತದೆ. ಯಾವುದೇ ಎರಡು ಆವೃತ್ತಿ ಆರಿಸಿಕೊಂಡರೆ ಅವುಗಳ ನಡುವಿನ ವ್ಯತ್ಯಾಸ ಅಕ್ಕಪಕ್ಕದಲ್ಲಿ ಕಾಣುತ್ತದೆ. ನೀವು ತಿದ್ದಬೇಕು ಅಂದುಕೊಂಡ ಪದ ಅಥವಾ ಇಸವಿ ಈ ಮೊದಲು ಹಿಂದೆ ಮುಂದೆ ಎಳೆದಾಡಿಸಿಕೊಂಡಿದೆಯಾ ಅಂತ ಗಮನಿಸಿ. ಎಳೆದಾಡಿದ್ದರೆ ಅಲ್ಲೊಂದು ಕಥೆ ಇದೆ, ಅದು ಬರೀ ಟೈಪಿಂಗ್ ತಪ್ಪಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಚಂದ್ರಶೇಖರ ಕಂಬಾರರಿಗೆ ಜ್ಞಾನಪೀಠ ಬಂದದ್ದು ಯಾವಾಗ? 2010ನೇ ಸಾಲಿನ ಪ್ರಶಸ್ತಿ ಅದು, ಆದರೆ ಘೋಷಣೆ ಆದದ್ದು 2011ರಲ್ಲಿ. ಪೇಪರ್ ಓದಿ ನೆನಪಿಟ್ಟುಕೊಂಡವರು 2011 ಅಂತಾರೆ, ಪಟ್ಟಿ ನೋಡಿದವರು 2010 ಅಂತಾರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಲ್ಲಿ 2010 ಅಳಿಸಿ 2011 ಹಾಕಿದರೆ ನಾಳೆ ಇನ್ನೊಬ್ಬರು ಬಂದು 2010 ಮಾಡುತ್ತಾರೆ. "2010ನೇ ಸಾಲಿನ ಪ್ರಶಸ್ತಿ, 2011ರಲ್ಲಿ ಘೋಷಣೆಯಾಯಿತು" ಅಂತ ಬರೆದು ಒಂದು ಉಲ್ಲೇಖ ಕೊಟ್ಟರೆ ಜಗಳ ಅಲ್ಲಿಗೇ ಮುಗಿಯಿತು. ಪ್ರಶಸ್ತಿ, ಸಿನಿಮಾ, ಪುಸ್ತಕದ ಪುಟಗಳಲ್ಲಿ ಇಸವಿ ಗೊಂದಲ ಹೆಚ್ಚಿನ ಪಾಲು ಇದೇ ಥರದ್ದು. ಯಾವ ಸಾಲಿನದು, ಯಾವಾಗ ಘೋಷಣೆ, ಯಾವಾಗ ಕೈಗೆ ಸಿಕ್ಕಿತು, ಮೂರೂ ಬೇರೆ ಬೇರೆ ಇಸವಿ ಆಗಬಹುದು.

ಕಣ್ಣಿಗೆ ಕಾಣದ ತಪ್ಪುಗಳಿಂದ ಶುರು ಮಾಡಿ

ಹೊಸಬರಿಗೆ ನಾನು ಕೊಡೋ ಮೊದಲ ಕೆಲಸ ಸೊನ್ನೆ ಹುಡುಕೋದು. ತಮಾಷೆ ಅಲ್ಲ. ಹಳೆಯ ಬರಹಗಳಲ್ಲಿ ಎಷ್ಟೋ ಜನ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಟೈಪ್ ಮಾಡಿಬಿಟ್ಟಿದ್ದಾರೆ. ಬೆಂಗಳೂರು ಮತ್ತು ಬೆ೦ಗಳೂರು, ಎರಡನ್ನೂ ನೋಡಿ. ವ್ಯತ್ಯಾಸ ಗೊತ್ತಾಗೋದೇ ಕಷ್ಟ. ಆದರೆ ಎರಡನೆಯದರಲ್ಲಿ ಇರೋದು ಅಂಕಿ. ಹುಡುಕುವವರು ಬೆಂಗಳೂರು ಅಂತ ಸರಿಯಾಗಿ ಟೈಪ್ ಮಾಡಿದರೆ ಆ ಪದ ಸಿಗೋದೇ ಇಲ್ಲ, ಕಣ್ಣು ಕಾಣದವರು ಬಳಸುವ ಓದುವ ತಂತ್ರಾಂಶಕ್ಕೂ ಅದು ಎಡವುಗಲ್ಲು. ಕೊಂಡಿಯೂ ಕೂಡಿಕೊಳ್ಳುವುದಿಲ್ಲ. ಹಿಡಿಯೋ ಉಪಾಯ ಸುಲಭ: ಪುಟದಲ್ಲಿ ಕಂಟ್ರೋಲ್ ಎಫ್ ಒತ್ತಿ ಕನ್ನಡದ ಸೊನ್ನೆಯನ್ನೇ ಹುಡುಕಿ. ಇಸವಿಯ ಒಳಗೆ ಇದ್ದರೆ ಬಿಡಿ, ಪದದ ನಡುವೆ ಸಿಕ್ಕರೆ ಬದಲಾಯಿಸಿ.

ಇನ್ನೊಂದು ಅರ್ಕಾವತ್ತಿನ ರಗಳೆ. ಹಳೆಯ ಫಾಂಟಿನಿಂದ ಯುನಿಕೋಡಿಗೆ ಬದಲಾಯಿಸುವಾಗ ಸೂರ್ಯ ಅನ್ನೋದು ಸೂಯರ್ ಆಗಿ ಕೂತಿರುತ್ತದೆ, ಕಾರ್ಯ ಹೋಗಿ ಕಾಯರ್ ಆಗಿರುತ್ತದೆ. ಹಾಗೇ ರಾಜ್‌ಕುಮಾರ್ ಬರೆಯಬೇಕಾದಲ್ಲಿ ರಾಜ್ಕುಮಾರ್, ಸಾಫ್ಟ್‌ವೇರ್ ಬರೆಯಬೇಕಾದಲ್ಲಿ ಸಾಫ್ಟ್ವೇರ್. ಎರಡು ಅಕ್ಷರ ಅಂಟಿಕೊಳ್ಳದಂತೆ ನಡುವೆ ಹಾಕುವ ಕಾಣದ ಚಿಹ್ನೆ ಬಿಟ್ಟುಹೋದಾಗ ಹೀಗಾಗುತ್ತದೆ. ಲೇಖನದ ಒಳಗೆ ಇದನ್ನು ಧಾರಾಳವಾಗಿ ಸರಿಪಡಿಸಿ. ಆದರೆ ಪುಟದ ಹೆಸರಲ್ಲೋ ಕೊಂಡಿಯಲ್ಲೋ ಬಂದಿದ್ದರೆ ಹುಷಾರು, ಆ ಒಂದು ಚಿಹ್ನೆ ಬದಲಾದರೂ ಕೊಂಡಿ ಬೇರೆ ಕಡೆ ತೋರಿಸುತ್ತದೆ. ಉಳಿಸುವ ಮುಂಚೆ ಮುನ್ನೋಟದಲ್ಲಿ ಕೊಂಡಿ ಕೆಂಪಾಗಿದೆಯಾ ನೋಡಿಕೊಳ್ಳಿ. ಕೆಂಪು ಅಂದರೆ ಆ ಹೆಸರಿನ ಪುಟ ಇಲ್ಲ ಅಂತ.

ಕಾಗುಣಿತದ ವಿಷಯ ಬೇರೆ. ಶಬ್ಧ ಅಲ್ಲ ಶಬ್ದ, ವಿಧ್ಯಾರ್ಥಿ ಅಲ್ಲ ವಿದ್ಯಾರ್ಥಿ, ಶುಭಾಷಯ ಅಲ್ಲ ಶುಭಾಶಯ. ಇವನ್ನು ಕಣ್ಣುಮುಚ್ಚಿ ತಿದ್ದಬಹುದು, ಎರಡು ಜಾಗ ಬಿಟ್ಟು. ಒಂದು, ಹೆಸರುಗಳು. ಶ್ರುತಿ ಸರಿ ಇರಬಹುದು, ಆದರೆ ಒಬ್ಬರು ತಮ್ಮ ಹೆಸರನ್ನು ಶೃತಿ ಅಂತಲೇ ಬರೆದುಕೊಳ್ಳುತ್ತಿದ್ದರೆ ಅದನ್ನು ತಿದ್ದೋಕೆ ನಾವ್ಯಾರು? ಎರಡು, ಉದ್ಧರಣೆ ಚಿಹ್ನೆಯ ಒಳಗಿರೋದು. ಅಲ್ಲಿರೋದು ಇನ್ನೊಬ್ಬರ ಮಾತು, ಹೇಗಿದೆಯೋ ಹಾಗೇ ಇರಬೇಕು.

ಮತ್ತೆ ೧೯೦೪ ಅಂತ ಇದ್ದದ್ದನ್ನು 1904 ಮಾಡೋದು, ತಾಲೂಕು ಅಂತ ಇದ್ದದ್ದನ್ನು ತಾಲ್ಲೂಕು ಮಾಡೋದು, ಇವೆಲ್ಲ ತಿದ್ದುಪಡಿ ಅಲ್ಲ, ಚಪಲ. ಒಂದೇ ಪುಟದಲ್ಲಿ ಎರಡೂ ಬೆರೆತಿದ್ದರೆ ಮಾತ್ರ ಯಾವುದು ಜಾಸ್ತಿ ಇದೆಯೋ ಅದಕ್ಕೆ ಹೊಂದಿಸಿ.

ಅನುವಾದದ ವಾಸನೆ ತೆಗೆಯೋದು

ಕನ್ನಡ ವಿಕಿಪೀಡಿಯದಲ್ಲಿ ಅತಿ ಹೆಚ್ಚು ಕೆಲಸ ಬಾಕಿ ಇರೋದು ಇಲ್ಲಿ, ಅತಿ ಕಡಿಮೆ ಜನ ಮಾಡೋದೂ ಇದನ್ನೇ. ಇಂಗ್ಲಿಷ್ ಲೇಖನದಿಂದ ವಾಕ್ಯಕ್ಕೆ ವಾಕ್ಯ ಇಳಿಸಿದ ಪುಟಗಳು ಬೇಕಾದಷ್ಟಿವೆ. ಕೆಲವು ಯಂತ್ರದ ಸಹಾಯದಿಂದ ಬಂದವು, ಕೆಲವು ಕಾಲೇಜು ಅಸೈನ್‌ಮೆಂಟಿಗೆ ರಾತ್ರೋರಾತ್ರಿ ಬಂದವು. ವ್ಯಾಕರಣ ಸರಿ ಇರುತ್ತದೆ, ಓದೋಕೆ ಮಾತ್ರ ಆಗೋದಿಲ್ಲ.

ಹೀಗೊಂದು ವಾಕ್ಯ ಇದೆ ಅಂದುಕೊಳ್ಳಿ: "ಈ ದೇವಾಲಯವು ಹೊಯ್ಸಳರಿಂದ ನಿರ್ಮಿಸಲ್ಪಟ್ಟಿತು ಮತ್ತು ಇದು ತನ್ನ ಶಿಲ್ಪಕಲೆಗಾಗಿ ಹೆಸರುವಾಸಿಯಾಗಿದೆ ಮತ್ತು ಇದು ಒಂದು ನಕ್ಷತ್ರಾಕಾರದ ಜಗತಿಯನ್ನು ಹೊಂದಿದೆ." ಇದನ್ನು ನಿಮ್ಮ ಅಜ್ಜಿಗೆ ಓದಿ ಹೇಳಿದರೆ ಏನು ಹೇಳ್ತಾ ಇದ್ದೀಯೋ ಅಂತಾರೆ. ಹೊಯ್ಸಳರು ಕಟ್ಟಿಸಿದ ಗುಡಿ ಇದು, ನಕ್ಷತ್ರದ ಆಕಾರದ ಜಗತಿಯ ಮೇಲೆ ನಿಂತಿದೆ, ಶಿಲ್ಪಕ್ಕೆ ಹೆಸರುವಾಸಿ. ಮುಗಿಯಿತು. ಏನೂ ಕಳೆದುಹೋಗಿಲ್ಲ.

ಹುಡುಕಬೇಕಾದ ಗುರುತುಗಳು ನಾಲ್ಕೈದೇ. "ಲ್ಪಟ್ಟಿತು" ಬಂದ ಕಡೆ ಮಾಡಿದವರನ್ನು ಮುಂದೆ ತನ್ನಿ. "ಹೊಂದಿದೆ" ಅಂತೂ ಒಂದು ರೋಗ: ಊರು ಮೂರು ಶಾಲೆಗಳನ್ನು ಹೊಂದಿದೆ, ನದಿ ಎರಡು ಉಪನದಿಗಳನ್ನು ಹೊಂದಿದೆ, ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ. ಕನ್ನಡದಲ್ಲಿ ಊರಲ್ಲಿ ಶಾಲೆ ಇರುತ್ತದೆ, ಅವರಿಗೆ ಮಕ್ಕಳಿರುತ್ತಾರೆ. ವಾಕ್ಯವಾಕ್ಯವನ್ನು "ಮತ್ತು" ಹಾಕಿ ಹೊಲಿದಿದ್ದರೆ ಬಿಚ್ಚಿ. "ಅವರು ಒಬ್ಬ ಕವಿ" ಅಂತಿದ್ದರೆ ಆ "ಒಬ್ಬ" ಹೆಚ್ಚಿನ ಕಡೆ ಬೇಡ.

ಆದರೆ ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಭಾಷೆ ಚೆಂದ ಮಾಡುವ ಭರದಲ್ಲಿ ಅರ್ಥ ಜಾರಿಹೋಗುತ್ತದೆ. "ನಿರ್ಮಿಸಿದನೆಂದು ಹೇಳಲಾಗುತ್ತದೆ" ಅಂತ ಇದ್ದದ್ದನ್ನು ಒಮ್ಮೆ ನಾನು "ಕಟ್ಟಿಸಿದ" ಅಂತ ಮಾಡಿದೆ. ಓದೋಕೆ ಚೆನ್ನಾಗಿತ್ತು. ಅನುಮಾನದಲ್ಲಿದ್ದ ವಿಷಯ ಮಾತ್ರ ಸತ್ಯವಾಗಿಬಿಟ್ಟಿತು. "ಕಟ್ಟಿಸಿದ ಅಂತಾರೆ" ಅಂದಿದ್ದರೆ ಸಾಕಾಗಿತ್ತು. ಅದಕ್ಕೇ ಅನುವಾದದ ಪುಟ ತಿದ್ದುವಾಗ ಮೂಲ ಇಂಗ್ಲಿಷ್ ಪುಟವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಮೂಲದಲ್ಲಿ ಏನು ಹೇಳಿದ್ದರು ಅಂತ ಗೊತ್ತಾಗದ ವಾಕ್ಯವನ್ನು ಊಹೆ ಮಾಡಿ ನುಣ್ಣಗೆ ಮಾಡಬೇಡಿ. ಒರಟಾಗಿರೋ ತಪ್ಪು ಓದುವವರಿಗೆ ಕಾಣುತ್ತದೆ, ನುಣ್ಣಗಿರೋ ತಪ್ಪು ಕಾಣೋದಿಲ್ಲ.

ಒಂದೇ ಕೂರಿಕೆಯಲ್ಲಿ ಇಡೀ ಪುಟ ತಿದ್ದುವ ಆಸೆಯೂ ಬೇಡ. ಮೊದಲ ಪ್ಯಾರಾ ಸರಿಮಾಡಿದರೆ ಅರ್ಧ ಪುಣ್ಯ ಬಂತು, ತುಂಬಾ ಜನ ಓದೋದೇ ಅಷ್ಟು.

ಕಾಲ ಬದಲಾದದ್ದಕ್ಕೆ ಪುಟ ಬದಲಾಯಿಸೋದು

ಹಳೆಯದಾದ ಮಾಹಿತಿ ಸರಿಮಾಡೋದು ಬಹಳ ಉಪಯೋಗದ ಕೆಲಸ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅವುಗಳ ಬಗ್ಗೆ ಎಲ್ಲಾದರೂ ಇನ್ನೂ "ತಾತ್ಕಾಲಿಕ ಪಟ್ಟಿಯಲ್ಲಿದೆ" ಅಂತ ಇದ್ದರೆ ಬದಲಾಯಿಸಿ, ಉಲ್ಲೇಖ ಹಾಕಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಆಯಿತು, ಹೊಸಪೇಟೆ ಅದರ ಕೇಂದ್ರ. ಹಂಪಿ ಈಗಿರೋದು ವಿಜಯನಗರ ಜಿಲ್ಲೆಯಲ್ಲಿ. ಹಂಪಿ ಸುತ್ತಲಿನ ಸಣ್ಣ ಸಣ್ಣ ಊರುಗಳ ಪುಟ ಒಂದೊಂದಾಗಿ ತೆಗೆದು ನೋಡಿದರೆ ಒಂದು ಭಾನುವಾರಕ್ಕೆ ಸಾಕಾಗುವಷ್ಟು ಕೆಲಸ ಸಿಗಬಹುದು.

ಆದರೆ ಸಿಕ್ಕಸಿಕ್ಕ ಕಡೆಯಲ್ಲೆಲ್ಲ ಬಳ್ಳಾರಿ ಅಳಿಸಿ ವಿಜಯನಗರ ಅಂತ ಹಾಕಬೇಡಿ. 1986ರಲ್ಲಿ ಹಂಪಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ಅದು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಹಳೆಯ ಪುಸ್ತಕದ ಹೆಸರಲ್ಲಿ ಬಳ್ಳಾರಿ ಜಿಲ್ಲೆ ಅಂತ ಇದ್ದರೆ ಆ ಹೆಸರು ಹಾಗೇ ಇರಬೇಕು. ಕೆಂಗಲ್ ಹನುಮಂತಯ್ಯನವರ ವಿಷಯದಲ್ಲೂ ಹೀಗೇ. ಅವರು ಮುಖ್ಯಮಂತ್ರಿಯಾಗಿದ್ದದ್ದು ಮೈಸೂರು ರಾಜ್ಯಕ್ಕೆ. ಕರ್ನಾಟಕ ಅನ್ನೋ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಭಿಮಾನದಿಂದ ಮೈಸೂರು ಅಳಿಸಿ ಕರ್ನಾಟಕ ಅಂತ ಬರೆಯೋರಿದ್ದಾರೆ, ಅಭಿಮಾನ ಸರಿ, ಇಸವಿ ತಪ್ಪು.

ಸಂಖ್ಯೆಗಳಿಗೆ ಇಸವಿಯ ಗೂಟ ಇರಲೇಬೇಕು. ಕರ್ನಾಟಕದ ಜನಸಂಖ್ಯೆ 2011ರ ಜನಗಣತಿಯಂತೆ 6,10,95,297. ಈಗ ಏಳು ಕೋಟಿ ಹತ್ತಿರ ಇರಬೇಕು ಅಂತ ಯಾರೋ ಹೇಳಿದರು ಅಂತ ಅದನ್ನು ಅಳಿಸಿದರೆ ಪುಟ ಹೊಸದಾಗೋದಿಲ್ಲ, ಬುಡವಿಲ್ಲದ್ದಾಗುತ್ತದೆ. "ಇತ್ತೀಚೆಗೆ", "ಈಗ", "ಕಳೆದ ವರ್ಷ" ಅನ್ನೋ ಪದ ಸಿಕ್ಕಿದರೆ ಇತಿಹಾಸದಲ್ಲಿ ಆ ವಾಕ್ಯ ಯಾವಾಗ ಬಂತು ನೋಡಿ, ಉಲ್ಲೇಖದಿಂದ ಇಸವಿ ಖಚಿತ ಮಾಡಿಕೊಂಡು ಹಾಕಿ. ಮೀಟರ್ ಮತ್ತು ಅಡಿ ಎರಡೂ ಇದ್ದರೆ ಒಂದಕ್ಕೊಂದು ತಾಳೆ ಆಗುತ್ತದಾ ಲೆಕ್ಕ ಹಾಕಿ. ಜೋಗದ ಎತ್ತರ 253 ಮೀಟರ್ ಅಂದರೆ 830 ಅಡಿ. ಯಾರೋ ಒಂದನ್ನು ಮಾತ್ರ ತಿದ್ದಿ ಇನ್ನೊಂದನ್ನು ಹಾಗೇ ಬಿಟ್ಟು ಹೋಗಿರೋದು ಬಹಳ ಸಲ ಸಿಗುತ್ತದೆ.

ಉಲ್ಲೇಖಕ್ಕೆ ಏನು ಕೊಡಬೇಕು? ಪುಸ್ತಕ, ಪತ್ರಿಕೆ, ಸರಕಾರಿ ಗೆಜೆಟಿಯರ್, ಜನಗಣತಿ ವರದಿ. "ನಾನು ಅದೇ ಊರಿನವನು, ನನಗೆ ಗೊತ್ತು" ಅನ್ನೋದು ಇಲ್ಲಿ ನಡೆಯೋದಿಲ್ಲ, ಬೇಜಾರಾದರೂ ನಿಯಮ ಹಾಗಿದೆ. ಒಂದು ಎಚ್ಚರಿಕೆ: ಎಷ್ಟೋ ಬ್ಲಾಗುಗಳು ವಿಕಿಪೀಡಿಯದಿಂದಲೇ ಎತ್ತಿದ ಸರಕು. ನೀವು ಹುಡುಕಿದ ಪುಟದಲ್ಲಿ ಲೇಖನದ ವಾಕ್ಯ ಅಕ್ಷರ ಬಿಡದೆ ಹಾಗೇ ಇದ್ದರೆ ಅದು ಉಲ್ಲೇಖ ಅಲ್ಲ, ಕನ್ನಡಿ. ಹಾಗೇ ಪತ್ರಿಕೆಯ ವರದಿಯನ್ನು ಎತ್ತಿ ತಂದು ಅಂಟಿಸೋದೂ ಸಲ್ಲದು, ಅದಕ್ಕೆ ಹಕ್ಕುಸ್ವಾಮ್ಯ ಇದೆ. ವಿಷಯ ತೆಗೆದುಕೊಳ್ಳಿ, ವಾಕ್ಯ ನಿಮ್ಮದಿರಲಿ.

ವಿಶೇಷಣ ಕೀಳೋದು, ಮತ್ತು ಕೆಲವು ಕೆಂಡಗಳು

ಪರಮಪೂಜ್ಯ, ಧೀಮಂತ, ಅಪ್ರತಿಮ, ಸಾಟಿಯಿಲ್ಲದ. ಇವನ್ನು ಕೀಳಬೇಕು. ಆದರೆ "ಅವರು", "ಇವರು" ಅನ್ನೋ ಬಹುವಚನ ಕೀಳಬೇಡಿ, ಅದು ಹೊಗಳಿಕೆ ಅಲ್ಲ, ನಮ್ಮ ಮಾತಿನ ಮರ್ಯಾದೆ. ಸಿನಿಮಾ ನಟರ ಪುಟದಲ್ಲಿ ಬಿರುದು ತೆಗೆದರೆ ಅಭಿಮಾನಿಗಳು ಸಂಜೆಯೊಳಗೆ ವಾಪಸ್ ಹಾಕುತ್ತಾರೆ, ಅದಕ್ಕೆ ತಯಾರಿರಿ.

ಬದುಕಿರುವವರ ಬಗ್ಗೆ ಆಧಾರವಿಲ್ಲದ ದೂರು, ಮದುವೆ ಮುರಿದ ಸುದ್ದಿ, ಜಾತಿ ಇವೆಲ್ಲ ಕಂಡರೆ ಯೋಚನೆ ಮಾಡದೆ ತೆಗೆಯಿರಿ. ನೀವಾಗಿಯೇ ಅಂಥದ್ದನ್ನು ಸೇರಿಸಬೇಡಿ. ಹಾಗೇ ನಿಮ್ಮ ಸ್ವಂತ ಕಂಪನಿ, ನಿಮ್ಮ ಭಾವನ ಸಿನಿಮಾ, ನಿಮ್ಮ ಮೇಷ್ಟರ ಪುಸ್ತಕ, ಇವುಗಳ ಪುಟಕ್ಕೆ ಕೈ ಹಾಕದೆ ಚರ್ಚೆ ಪುಟದಲ್ಲಿ ಕೇಳಿಕೊಳ್ಳೋದು ವಾಸಿ.

ಉಳಿಸುವ ಮುಂಚೆ

ಉಳಿಸುವಾಗ ಕೆಳಗೆ ಒಂದು ಸಾರಾಂಶದ ಪೆಟ್ಟಿಗೆ ಇರುತ್ತದೆ. ಹೆಚ್ಚಿನವರು ಖಾಲಿ ಬಿಡುತ್ತಾರೆ, ಇಲ್ಲವೇ "ತಿದ್ದುಪಡಿ" ಅಂತ ಬರೆಯುತ್ತಾರೆ. ತಿದ್ದುಪಡಿ ಅಂತ ಎಲ್ಲರಿಗೂ ಗೊತ್ತು ಸ್ವಾಮಿ! "ಜಿಲ್ಲೆ ಬಳ್ಳಾರಿ ಇದ್ದದ್ದು ವಿಜಯನಗರ, 2021ರಿಂದ" ಅಂತ ಬರೆಯಿರಿ. "ಅನುಸ್ವಾರದ ಜಾಗದಲ್ಲಿದ್ದ ಸೊನ್ನೆ ತೆಗೆದೆ" ಅಂತ ಬರೆಯಿರಿ. ಮೂಲ ಬರೆದವರು ನೋಡಿದಾಗ ಇವನ್ಯಾರು ನನ್ನ ಲೇಖನ ಹಾಳು ಮಾಡಿದವನು ಅನ್ನೋ ಸಿಟ್ಟು ಈ ಒಂದು ಸಾಲಿನಿಂದ ಅರ್ಧ ಇಳಿಯುತ್ತದೆ.

ಚಿಕ್ಕ ಬದಲಾವಣೆ ಅಂತ ಗುರುತು ಹಾಕುವ ಚೌಕವೂ ಅಲ್ಲೇ ಇದೆ. ಕಾಗುಣಿತಕ್ಕೆ ಮಾತ್ರ ಬಳಸಿ. ಒಂದು ಇಸವಿ ಬದಲಾಯಿಸಿ ಅದಕ್ಕೆ ಚಿಕ್ಕದು ಅಂತ ಗುರುತು ಹಾಕಿದರೆ ಜನ ಕದ್ದು ತಿದ್ದಿದ ಅಂತಲೇ ತಿಳಿಯುತ್ತಾರೆ.

ಭಾಷೆಯದ್ದು ಒಂದು ಸಲ ಉಳಿಸಿ, ವಿಷಯದ್ದು ಇನ್ನೊಂದು ಸಲ ಉಳಿಸಿ. ಯಾರಿಗಾದರೂ ವಿಷಯ ಒಪ್ಪಿಗೆಯಾಗದೆ ರದ್ದು ಮಾಡಿದರೂ ನೀವು ತಿದ್ದಿದ ಕನ್ನಡ ಉಳಿಯುತ್ತದೆ. ಹಾಗಂತ ಮೂವತ್ತು ಅಕ್ಷರಕ್ಕೆ ಮೂವತ್ತು ಸಲ ಉಳಿಸಬೇಡಿ. ಎಡಿಟ್ ಸಂಖ್ಯೆ ಏರಿಸೋಕೆ ಹಾಗೆ ಮಾಡೋರು ಇದ್ದಾರೆ, ಇತಿಹಾಸ ನೋಡೋರಿಗೆ ತಲೆ ಕೆಡುತ್ತದೆ. ತಾಂತ್ರಿಕ ಪ್ರಶ್ನೋತ್ತರಕ್ಕೆ ಹೆಸರಾದ ಸ್ಟ್ಯಾಕ್ ಓವರ್‌ಫ್ಲೋದಲ್ಲೂ ಇದೇ ಕಾಟ. ಅಲ್ಲಿ ಬೇರೆಯವರ ಬರಹ ತಿದ್ದಿ ಒಪ್ಪಿಗೆಯಾದರೆ 2 ಅಂಕ ಕೊಡುತ್ತಾರೆ, ಅದಕ್ಕೋಸ್ಕರ ಒಂದೆರಡು ಪದ ಮಾತ್ರ ಬದಲಾಯಿಸಿ, ಪಕ್ಕದಲ್ಲೇ ಇರೋ ನಾಲ್ಕು ತಪ್ಪು ಬಿಟ್ಟು ಹೋಗೋರಿದ್ದಾರೆ. ಒಂದು ಪುಟ ತೆರೆದ ಮೇಲೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಸರಿಮಾಡಿಯೇ ಎದ್ದೇಳಿ.

ಚರ್ಚೆ ಪುಟದಲ್ಲಿ ಮಾತ್ರ ನಿಯಮ ಉಲ್ಟಾ. ಅಲ್ಲಿ ಜನ ಸಹಿ ಹಾಕಿ ಬರೆದಿರುತ್ತಾರೆ. ಅವರ ಮಾತಲ್ಲಿ ಎಷ್ಟೇ ಕಾಗುಣಿತದ ತಪ್ಪಿದ್ದರೂ ಮುಟ್ಟಬೇಡಿ. ನಿಮ್ಮ ಉತ್ತರ ಕೆಳಗೆ ಬರೆದು ನೀವೂ ಸಹಿ ಹಾಕಿ.

ವಾಪಸ್ ಆದರೆ

ಆಗುತ್ತದೆ. ನಿಮ್ಮದು ಸರಿ ಇದ್ದರೂ ಆಗುತ್ತದೆ. ಆಗ ಮತ್ತೆ ಅದನ್ನೇ ಹಾಕಬೇಡಿ, ಹಾಕಿದರೆ ಅವರು ಮತ್ತೆ ತೆಗೆಯುತ್ತಾರೆ, ಅದು ಎತ್ತಿನ ಕಾಳಗ. ಅವರು ಸಾರಾಂಶದಲ್ಲಿ ಏನು ಬರೆದಿದ್ದಾರೆ ಓದಿ. ಏನೂ ಬರೆಯದಿದ್ದರೆ ಆ ಪುಟದ ಚರ್ಚೆಯಲ್ಲಿ ಕೇಳಿ: "ನಮಸ್ಕಾರ, ಈ ಇಸವಿ ಬದಲಾಯಿಸಿದ್ದೆ, ಆಧಾರ ಇದು, ತಮಗೆ ಬೇರೆ ಆಧಾರ ಸಿಕ್ಕಿದೆಯಾ?" ಅಷ್ಟೇ ಸಾಕು. ವಾಪಸ್ ಮಾಡಿದವರು ಹೊಸಬರಾದರೆ, ವಿದ್ಯಾರ್ಥಿಗಳಾದರೆ, ಅವರ ಸದಸ್ಯ ಚರ್ಚೆ ಪುಟದಲ್ಲೂ ಒಂದು ಸಾಲು ಬರೆಯಿರಿ, ಎಷ್ಟೋ ಜನಕ್ಕೆ ಚರ್ಚೆ ಪುಟ ಅಂತ ಒಂದಿದೆ ಅನ್ನೋದೇ ಗೊತ್ತಿರೋದಿಲ್ಲ. ಒಂದು ವಾರ ಕಾಯಿರಿ. ಉತ್ತರ ಬರಲಿಲ್ಲ, ಅಥವಾ ಬಂದದ್ದು ಬರೀ ಜಗಳ ಅನ್ನಿಸಿದರೆ ಅರಳಿ ಕಟ್ಟೆಗೆ ಹೋಗಿ. ಹೌದು, ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ಅದೇ ಹೆಸರು. ಅಲ್ಲಿ ಎರಡು ಸಾಲಲ್ಲಿ ವಿಷಯ ಇಟ್ಟು, ಪುಟದ ಕೊಂಡಿ ಕೊಟ್ಟು, ಬೇರೆ ಪುಟ ತಿದ್ದೋಕೆ ಹೋಗಿ. ಹಳೆಯ ಸದಸ್ಯರು ನಿಧಾನಕ್ಕೆ ಬಂದು ನೋಡುತ್ತಾರೆ, ಕೆಲವೊಮ್ಮೆ ತುಂಬಾ ನಿಧಾನಕ್ಕೆ.